ಮೂರು ಬೆರಳು ಹಿಡಿಸುವ ಬಾಯಿ

ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಕಡಲೆಯೂ ಇದ್ದು, ಹಲ್ಲೂ ಇದ್ದು, ಬಾಯಿ ತೆರೆಯಲು ಮಾತ್ರ ಆಗದಿದ್ದರೆ? ಅಂಥವರಿಗಾಗಿ ನಮ್ಮ ಹಿರಿಯರು ಗಾದೆ ಕಟ್ಟಿಲ್ಲ. ಅವರ ಕಾಲದಲ್ಲಿ ಅಂಥವರು ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲವೋ ಏನೋ. ಈಗ ಬೀಳುತ್ತಾರೆ. ಅದೂ ಮುದುಕರಲ್ಲಿ ಅಲ್ಲ, ಹೈಸ್ಕೂಲಿನ ಬೆಂಚುಗಳ ಮೇಲೆ.

ನಮ್ಮ ಭಾಷೆಯಲ್ಲಿ ಹಲ್ಲಿಗೆ ಇರುವ ಮರ್ಯಾದೆ ದವಡೆಗೆ ಇಲ್ಲ. ಕಷ್ಟವನ್ನು ಹಲ್ಲು ಕಚ್ಚಿ ಸಹಿಸುತ್ತೇವೆ, ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ, ಸಾಲ ಕೇಳುವಾಗ ಹಲ್ಲು ಗಿಂಜುತ್ತೇವೆ. ಕೀರ್ತಿಯೆಲ್ಲ ಹಲ್ಲಿಗೇ. ಆದರೆ ಹಲ್ಲು ತಾನಾಗಿ ಒಂದು ಕೂದಲೆಳೆಯಷ್ಟೂ ಅಲುಗಲಾರದು. ಅದು ಬೀಸುವ ಕಲ್ಲು ಮಾತ್ರ. ಕಲ್ಲಿನ ಗೂಟ ಹಿಡಿದು ತಿರುಗಿಸುವ ಕೈ ಬೇರೆ ಇದೆ. ಜೀರ್ಣಾಂಗಗಳ ಪಾಠದಲ್ಲಿಯೂ ಅಗಿಯುವ ಕೆಲಸ ಒಂದೆರಡು ಸಾಲಿನಲ್ಲಿ ಮುಗಿದು, ಲಾಲಾರಸದ ವಿಷಯ ಶುರುವಾಗಿಬಿಡುತ್ತದೆ. ಅಗಿಸುವವರು ಯಾರು ಎಂದು ಮಕ್ಕಳು ಕೇಳುವುದಿಲ್ಲ. ಪರೀಕ್ಷೆಯಲ್ಲಿಯೂ ಆ ಪ್ರಶ್ನೆ ಬರುವುದಿಲ್ಲ. ಹಾಗಾಗಿ 28 ವರ್ಷಗಳಿಂದ ಅದನ್ನು ನಾನೇ ಕೇಳುತ್ತ ಬಂದಿದ್ದೇನೆ.

ಇದಕ್ಕೆ ಪ್ರಯೋಗಶಾಲೆ ಬೇಡ, ಖರ್ಚಿಲ್ಲ. ನೀವು ಈ ಪುಟ ಓದುತ್ತ ಕುಳಿತಲ್ಲಿಯೇ ಮಾಡಿ ನೋಡಬಹುದು. ಎರಡು ಬೆರಳನ್ನು ಹಣೆಯ ಪಕ್ಕ, ಕಣ್ಣು ಮತ್ತು ಕಿವಿಯ ನಡುವೆ ಇಡಿ. ಈಗ ಹಲ್ಲು ಕಚ್ಚಿ, ಬಿಡಿ, ಮತ್ತೆ ಕಚ್ಚಿ. ಬೆರಳಿನ ಕೆಳಗೆ ಏನೋ ಉಬ್ಬಿ ಇಳಿಯಿತಲ್ಲವೆ? ಅದೇ ಟೆಂಪೊರಾಲಿಸ್ ಎಂಬ ಸ್ನಾಯು. ತಲೆಬುರುಡೆಯ ಪಕ್ಕದಲ್ಲಿ ಬೀಸಣಿಗೆಯಂತೆ ಹರಡಿಕೊಂಡು, ಕೆಳಗೆ ಬರುಬರುತ್ತ ಕಿರಿದಾಗಿ, ಕೆನ್ನೆಮೂಳೆಯ ಕಮಾನಿನ ಒಳಗಿನಿಂದ ನುಸುಳಿ ಕೆಳದವಡೆಯ ಒಂದು ಚೂಪಾದ ಮೂಲೆಗೆ ಅಂಟಿಕೊಳ್ಳುತ್ತದೆ. ಊಟ ಮಾಡುವುದು ಬಾಯಿ, ಅಲುಗುವುದು ಹಣೆಯ ಪಕ್ಕ! ಚಕ್ಕುಲಿ ತಿನ್ನುವವರನ್ನು ಪಕ್ಕದಿಂದ ನೋಡಿದರೆ ಈ ಗುಟ್ಟು ರಟ್ಟಾಗುತ್ತದೆ.

ಈಗ ಬೆರಳನ್ನು ಕೆನ್ನೆಯ ಹಿಂಭಾಗಕ್ಕೆ, ದವಡೆಯ ಮೂಲೆಯ ಹತ್ತಿರಕ್ಕೆ ತನ್ನಿ. ಮತ್ತೆ ಕಚ್ಚಿ. ಗಟ್ಟಿ ಗಂಟಿನ ಹಾಗೆ ಎದ್ದು ನಿಲ್ಲುವುದು ಮ್ಯಾಸೆಟರ್. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಅಗಿಯುವವನು ಎಂದೇ ಅರ್ಥ. ಸಿನಿಮಾದ ನಾಯಕ ಸಿಟ್ಟಿನಲ್ಲಿ ಮಾತಾಡದೆ ನಿಂತಾಗ ಕೆನ್ನೆಯಲ್ಲಿ ಮಿಡಿಯುವುದೂ ಇದೇ.

ಮಕ್ಕಳಿಗೆ ಇಷ್ಟು ತೋರಿಸಿದ ಮೇಲೆ ಮನೆಗೆಲಸ ಕೊಡುತ್ತೇನೆ: ಸಂಜೆ ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವುದನ್ನು ಐದು ನಿಮಿಷ ನೋಡಿ, ಆಮೇಲೆ ನಾಯಿ ಮೂಳೆ ಕಡಿಯುವುದನ್ನು ನೋಡಿ ಬನ್ನಿ. ದನದ ದವಡೆ ಅಡ್ಡಡ್ಡ ಚಲಿಸುತ್ತದೆ, ಬೀಸುವ ಕಲ್ಲಿನ ಹಾಗೆ. ನಾಯಿಯದು ಮೇಲೆ ಕೆಳಗೆ ಮಾತ್ರ, ಕತ್ತರಿಯ ಹಾಗೆ. ಹುಲ್ಲು ಅರೆಯುವ ಪ್ರಾಣಿಗೆ ಮ್ಯಾಸೆಟರ್ ಮತ್ತು ಅದರ ಒಳಗಿನ ಜೊತೆಗಾರ ದೊಡ್ಡದು. ಮಾಂಸ ಹರಿಯುವ ಪ್ರಾಣಿಗೆ ಟೆಂಪೊರಾಲಿಸ್ ದೊಡ್ಡದು. ನಾವು ಎರಡರ ನಡುವೆ ಇದ್ದೇವೆ. ಕಬ್ಬನ್ನೂ ಸಿಗಿಯುತ್ತೇವೆ, ಹುರಿಗಡಲೆಯನ್ನೂ ಅರೆಯುತ್ತೇವೆ. ಇನ್ನು ರಾಗಿ ಮುದ್ದೆಯ ವಿಷಯ ಬೇರೆ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ. ಮಲೆನಾಡಿನ ನಾನು ಮುದ್ದೆಯನ್ನು ಅಗಿಯುತ್ತ ಕುಳಿತದ್ದನ್ನು ನೋಡಿ ಆ ಮನೆಯ ಅಜ್ಜಿ, ‘ಮುದ್ದೆಗೆ ಯಾಕಪ್ಪ ಮೇಷ್ಟ್ರೇ ಹಲ್ಲಿನ ಹಂಗು? ಸಾರಲ್ಲಿ ಅದ್ದಿ ನುಂಗು’ ಎಂದಿದ್ದರು. ದವಡೆಗೆ ಪೂರ್ತಿ ರಜೆ ಕೊಟ್ಟ ಊಟ ಅದು.

ಇನ್ನು ಹೊರಗಿನಿಂದ ಮುಟ್ಟಲಾಗದ ಎರಡು ಸ್ನಾಯುಗಳಿವೆ. ಕೆನ್ನೆ, ಮ್ಯಾಸೆಟರ್, ದವಡೆಯ ಮೂಳೆ ಎಲ್ಲವನ್ನೂ ದಾಟಿದರೆ ಸಿಗುವ ಒಳಕೋಣೆಯಲ್ಲಿ ಇವುಗಳ ವಾಸ. ತಲೆಬುರುಡೆಯ ತಳದಲ್ಲಿ ರೆಕ್ಕೆಯ ಆಕಾರದ ಒಂದು ಮೂಳೆ ಇದೆ. ಅಲ್ಲಿಂದ ಹೊರಡುವುದರಿಂದ ಇವಕ್ಕೆ ಟೆರಿಗಾಯ್ಡ್, ಅಂದರೆ ರೆಕ್ಕೆಯಂಥದು ಎಂಬ ಹೆಸರು. ಒಳಬದಿಯದು ಮೀಡಿಯಲ್ ಟೆರಿಗಾಯ್ಡ್. ದವಡೆಯ ಹೊರಮೈಗೆ ಮ್ಯಾಸೆಟರ್ ಹೇಗೋ ಒಳಮೈಗೆ ಇದು ಹಾಗೆ. ಎರಡೂ ಸೇರಿ ದವಡೆಯ ಮೂಲೆಯನ್ನು ಜೋಲಿಯಲ್ಲಿ ಮಗುವನ್ನು ಹಿಡಿದಂತೆ ಹಿಡಿದು ಮೇಲಕ್ಕೆ ಎತ್ತುತ್ತವೆ.

ಹೊರಬದಿಯದು ಲ್ಯಾಟರಲ್ ಟೆರಿಗಾಯ್ಡ್. ನಾಲ್ವರಲ್ಲಿ ಇದೊಂದೇ ವಿರೋಧ ಪಕ್ಷ. ಉಳಿದ ಮೂರೂ ಬಾಯಿ ಮುಚ್ಚಿಸುತ್ತವೆ, ಇದು ತೆರೆಯಲು ನೆರವಾಗುತ್ತದೆ. ಇದರ ಕೆಲಸವನ್ನೂ ಬೆರಳಿನಿಂದ ತಿಳಿಯಬಹುದು. ಕಿವಿಯ ಮುಂದೆಯೇ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಸಣ್ಣ ಗುಂಡು ಮುಂದಕ್ಕೆ ಜಾರಿ, ಅದಿದ್ದ ಜಾಗದಲ್ಲಿ ಗುಳಿ ಬೀಳುತ್ತದೆ. ಅದು ಕೆಳದವಡೆಯ ತಲೆ. ಬಾಗಿಲಿನ ಕೀಲು ಇದ್ದಲ್ಲಿಯೇ ತಿರುಗುತ್ತದೆ. ದವಡೆಯ ಕೀಲು ತಿರುಗುತ್ತಲೇ ಮೇಜಿನ ಖಾನೆಯಂತೆ ಮುಂದಕ್ಕೂ ಜಾರುತ್ತದೆ. ನಡುವೆ ಒಂದು ಪುಟ್ಟ ಮೆತ್ತೆ ಇದೆ. ತಿರುಗುವ ಕೆಲಸ ಮೆತ್ತೆಯ ಕೆಳಗೆ, ಜಾರುವ ಕೆಲಸ ಮೆತ್ತೆಯ ಮೇಲೆ. ಆಕಳಿಸುವಾಗ ಆ ತಲೆ ಎದುರಿನ ದಿಬ್ಬವನ್ನು ದಾಟಿ ಆಚೆಗೆ ಬಿದ್ದುಬಿಟ್ಟರೆ ಬಾಯಿ ತೆರೆದದ್ದು ತೆರೆದಂತೆಯೇ ನಿಲ್ಲುತ್ತದೆ. ಮುಚ್ಚಿಸುವ ಸ್ನಾಯುಗಳು ಗಾಬರಿಯಿಂದ ಬಿಗಿದು, ತಲೆ ವಾಪಸು ಬರುವ ದಾರಿಯನ್ನೇ ಕಟ್ಟುತ್ತವೆ. ಆಗ ಗದ್ದವನ್ನು ಕೆಳಗಿನಿಂದ ಗುದ್ದಿ ಮುಚ್ಚಿಸಲು ಹೋಗಬಾರದು. ವೈದ್ಯರು ಬಟ್ಟೆ ಸುತ್ತಿದ ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಹಿಂದಕ್ಕೆ ತಳ್ಳಿ ಕೂರಿಸುತ್ತಾರೆ. ದಿಬ್ಬ ಇಳಿಸಿ ಹಿಂದಕ್ಕೆ ತರುವುದು, ಅಷ್ಟೆ.

ಇಲ್ಲಿ ಒಂದು ಅಸಮಾನತೆಯನ್ನು ಗಮನಿಸಿ. ಮುಚ್ಚಲು ಮೂರು ಪೈಲ್ವಾನರು, ತೆರೆಯಲು ಈ ಒಬ್ಬ ಸಣ್ಣವನೂ ಗದ್ದದ ಕೆಳಗಿನ ಒಂದಷ್ಟು ತೆಳು ಸ್ನಾಯುಗಳೂ. ಪ್ರಕೃತಿಯ ಲೆಕ್ಕ ಸರಿಯಾಗಿಯೇ ಇದೆ. ತೆರೆಯುವುದಕ್ಕೆ ಬಲ ಯಾಕೆ ಬೇಕು? ಮೊಸಳೆಯೂ ಹೀಗೆಯೇ. ಅದು ಬಾಯಿ ಮುಚ್ಚಿದರೆ ಬಿಡಿಸುವವರಿಲ್ಲ. ಆದರೆ ಮುಚ್ಚಿದ ಬಾಯಿಗೆ ಅಂಟುಪಟ್ಟಿ ಸುತ್ತಿದರೂ ಸಾಕು, ತೆರೆಯಲಾರದು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಮಲೆನಾಡಿನ ಮಕ್ಕಳಿಗೆ ಸನ್ನೆಗಳ ಪಾಠ ಮಾಡುವಾಗ ನಾನು ಅಡಕತ್ತರಿಯನ್ನು ತರಗತಿಗೆ ಒಯ್ಯುತ್ತೇನೆ. ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಕೈ, ನಡುವೆ ಅಡಿಕೆ. ಇದು ಎರಡನೆಯ ದರ್ಜೆಯ ಸನ್ನೆ. ದವಡೆಯೂ ಸನ್ನೆಯೇ. ಆದರೆ ಇಲ್ಲಿ ಕೀಲು ಕಿವಿಯ ಮುಂದೆ, ಬಲ ಹಾಕುವ ಸ್ನಾಯು ನಡುವೆ, ಅಗಿಯುವ ಪದಾರ್ಥ ಆಚೆ ತುದಿಯಲ್ಲಿ. ಹಾಗಾಗಿ ಮೂರನೆಯ ದರ್ಜೆ. ಪದಾರ್ಥ ಕೀಲಿಗೆ ಹತ್ತಿರವಾದಷ್ಟೂ ಒತ್ತಡ ಹೆಚ್ಚು. ಮುಂದಿನ ಹಲ್ಲಿನಲ್ಲಿ ಒಡೆಯದ ಅಡಿಕೆಯನ್ನು ಎಲ್ಲರೂ ಹೇಳಿಸಿಕೊಳ್ಳದೆಯೇ ಹಿಂದಿನ ದವಡೆಹಲ್ಲಿಗೆ ತಳ್ಳುವುದು ಇದಕ್ಕೇ. ಆರೋಗ್ಯವಂತ ವಯಸ್ಕ ಬಲವಾಗಿ ಕಚ್ಚಿದರೆ ಅಲ್ಲಿ ಸುಮಾರು 50ರಿಂದ 70 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುತ್ತದೆ. ಒಂದು ಮೂಟೆ ಸಿಮೆಂಟಿನ ತೂಕ 50 ಕಿಲೋ ಎಂದರೆ ಮಕ್ಕಳು ತಮ್ಮ ಕೆನ್ನೆಯನ್ನು ಗೌರವದಿಂದ ಮುಟ್ಟಿಕೊಳ್ಳುತ್ತಾರೆ.

ಇಷ್ಟು ಬಲವನ್ನು ಹಿಡಿದಿಡುವವರು ಬೇಕಲ್ಲ? ಅನ್ನದಲ್ಲಿ ಕಲ್ಲು ಸಿಕ್ಕಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ‘ಅಯ್ಯೋ ಕಲ್ಲು’ ಎಂದು ನಮಗೆ ತಿಳಿಯುವ ಮೊದಲೇ ದವಡೆ ತೆರೆದುಕೊಂಡಿರುತ್ತದೆ. ಸುದ್ದಿ ಒಯ್ದದ್ದು, ಅಪ್ಪಣೆ ತಂದದ್ದು ಎರಡೂ ಒಂದೇ ನರ. ಮೆದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ ಐದನೆಯದು, ಹೆಸರು ಟ್ರೈಜೆಮಿನಲ್, ಅಂದರೆ ತ್ರಿವಳಿ. ಒಂದು ಕವಲು ಹಣೆ–ಕಣ್ಣಿನ ಕಡೆಗೆ, ಒಂದು ಮೇಲಿನ ದವಡೆಗೆ, ಮೂರನೆಯದು ಕೆಳದವಡೆಗೆ. ಈ ಮೂರನೆಯದು ತಲೆಬುರುಡೆಯ ತಳದ ಮೊಟ್ಟೆಯಾಕಾರದ ತೂತಿನಿಂದ ಇಳಿದು ನಾನು ಹೇಳಿದ ಒಳಕೋಣೆಗೆ ಬರುತ್ತದೆ. ಅಲ್ಲಿ ನಾಲ್ಕೂ ಸ್ನಾಯುಗಳಿಗೆ ಅಪ್ಪಣೆ ಹಂಚುತ್ತದೆ. ಕೆಳಗಿನ ಹಲ್ಲು, ಗದ್ದ, ತುಟಿ, ನಾಲಿಗೆಯ ಮುಂಭಾಗದ ನೋವು–ಸ್ಪರ್ಶಗಳ ವರದಿಯನ್ನು ಮೇಲಕ್ಕೆ ಒಯ್ಯುತ್ತದೆ.

ನಗು, ಅಳು, ಸೀಟಿ, ಊದುವುದು ಇವೆಲ್ಲ ಏಳನೆಯ ನರದ ಇಲಾಖೆ. ಮುಖದ ಒಂದು ಪಕ್ಕ ಇದ್ದಕ್ಕಿದ್ದಂತೆ ಸೊಟ್ಟಗಾಗುವ ಬೆಲ್ ಎಂಬ ತೊಂದರೆಯಲ್ಲಿ ಕೆಡುವುದು ಈ ಏಳನೆಯದು. ಆ ರೋಗಿಗೆ ನಗಲು ಬಾರದು, ಆದರೆ ಕಚ್ಚುವ ಬಲ ಇದ್ದೇ ಇರುತ್ತದೆ. ಒಂದೇ ಮುಖದಲ್ಲಿ ಎರಡು ಇಲಾಖೆಗಳು.

ಹಲ್ಲಿನ ವೈದ್ಯರು ಕೆಳಗಿನ ದವಡೆಹಲ್ಲು ಕೀಳುವ ಮೊದಲು ಸೂಜಿ ಹಾಕುವುದು ಆ ಹಲ್ಲಿಗಲ್ಲ, ಬಾಯಿಯ ಹಿಂಭಾಗಕ್ಕೆ. ಮೀಡಿಯಲ್ ಟೆರಿಗಾಯ್ಡ್ ಸ್ನಾಯುವಿಗೂ ದವಡೆಯ ಮೂಳೆಗೂ ನಡುವಿನ ಕಿರಿದಾದ ಸಂದಿಯಲ್ಲಿ ಹಲ್ಲಿನ ನರ ಇಳಿದು ಮೂಳೆಯೊಳಗೆ ಹೊಕ್ಕುವ ಜಾಗ ಇದೆ. ಅಲ್ಲಿ ಮದ್ದು ಬಿದ್ದರೆ ಆ ಅರ್ಧ ದವಡೆಯ ಹಲ್ಲುಗಳೆಲ್ಲ ಮಲಗುತ್ತವೆ. ತುಟಿಗೂ ಜೋಮು ಹಿಡಿಯುತ್ತದೆ. 1884ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಕೊಕೇನ್ ಬಳಸಿ ಈ ದಾರಿಯನ್ನು ತೋರಿಸಿದರು. ಮದ್ದು ಬದಲಾಗಿದೆ, ದಾರಿ ಅದೇ.

ಇನ್ನೊಂದು ವಿಚಿತ್ರ. ಮಗು ‘ಕಿವಿ ನೋವು’ ಎಂದು ಅಳುತ್ತದೆ, ಕಿವಿಯಲ್ಲಿ ಏನೂ ಇರುವುದಿಲ್ಲ, ಹುಳುಕು ಇರುವುದು ಕೆಳಗಿನ ದವಡೆಹಲ್ಲಿನಲ್ಲಿ. ಕಿವಿಯ ಮುಂಭಾಗದ ಸುದ್ದಿ ಒಯ್ಯುವ ಕವಲೂ ಇದೇ ನರದ್ದಾದ್ದರಿಂದ ಮೆದುಳಿಗೆ ವಿಳಾಸ ತಪ್ಪುತ್ತದೆ. ಕಿವಿಗೂ ದವಡೆಗೂ ಇದಕ್ಕಿಂತ ಹಳೆಯ ನಂಟಿದೆ. ಮಧ್ಯಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ಅವುಗಳಲ್ಲಿ ಸುತ್ತಿಗೆ ಮತ್ತು ಅಡಿಗಲ್ಲು ಬಹು ಹಿಂದೆ, ಸರೀಸೃಪದಂಥ ಪೂರ್ವಜರಲ್ಲಿ, ದವಡೆಯ ಕೀಲಿನ ಮೂಳೆಗಳಾಗಿದ್ದವು. ಕಾರ್ಲ್ ರೈಕರ್ಟ್ ಎಂಬ ಜರ್ಮನ್ ವಿಜ್ಞಾನಿ 1837ರಲ್ಲಿ ಭ್ರೂಣಗಳನ್ನು ಪರೀಕ್ಷಿಸಿ ಈ ಸಂಬಂಧವನ್ನು ತೋರಿಸಿದರು. ಇಂದಿಗೂ ಸುತ್ತಿಗೆ ಮೂಳೆಯನ್ನು ಎಳೆಯುವ ಪುಟ್ಟ ಸ್ನಾಯುವಿಗೆ ಅಪ್ಪಣೆ ಬರುವುದು ಅಗಿಯುವ ನರದಿಂದಲೇ. ಮನೆ ಬದಲಾದರೂ ಹಳೆಯ ಮನೆಯ ವಿದ್ಯುತ್ ತಂತಿಯನ್ನು ಕಿತ್ತಿಲ್ಲ. ಈ ಮಾತು ಹೇಳಿದ ದಿನ ತರಗತಿ ಪೂರ್ತಿ ಕಿವಿ ಮುಟ್ಟಿ ನೋಡಿಕೊಳ್ಳುತ್ತದೆ.

ಒಳಕೋಣೆಯ ಮೂರನೆಯ ಬಾಡಿಗೆದಾರ ರಕ್ತನಾಳ. ಕತ್ತಿನಿಂದ ಮೇಲೇರುವ ಅಪಧಮನಿಯ ಒಂದು ಕವಲು ದವಡೆಯ ಹಿಂದಿನಿಂದ ಒಳಗೆ ಬಂದು, ಸ್ನಾಯುಗಳಿಗೂ ಹಲ್ಲುಗಳಿಗೂ ರಕ್ತ ಹಂಚುತ್ತ ಹೋಗುತ್ತದೆ. ಇದರದೇ ಒಂದು ಸಣ್ಣ ಕವಲು ತಲೆಬುರುಡೆಯ ತೂತಿನಿಂದ ಮೇಲೇರಿ, ಹಣೆಯ ಪಕ್ಕದ ಮೂಳೆಯ ಒಳಮೈಗೆ ಅಂಟಿಕೊಂಡು ಹರಡುತ್ತದೆ. ಆ ಮೂಳೆ ಬಹಳ ತೆಳು. ಬೈಕಿನಿಂದ ಬಿದ್ದೋ ಚೆಂಡು ಬಡಿದೋ ಅಲ್ಲಿ ಪೆಟ್ಟಾದರೆ ಒಳಗೆ ಈ ನಾಳ ಹರಿಯಬಹುದು. ಬಿದ್ದವನು ಎದ್ದು, ‘ಏನೂ ಆಗಿಲ್ಲ’ ಎಂದು ಮನೆಗೆ ಹೋಗಿ, ಗಂಟೆಗಳ ನಂತರ ತಲೆನೋವು, ವಾಂತಿ, ಮಂಪರು ಎಂದು ಮಲಗಿಬಿಡುವ ಅಪಾಯ ಇಲ್ಲಿಯದು. ಹೆಲ್ಮೆಟ್ಟನ್ನು ಪೊಲೀಸರಿಗಾಗಿ ಹಾಕುವವರು ಒಮ್ಮೆ ಈ ಜಾಗವನ್ನು ಮುಟ್ಟಿ ನೋಡಿಕೊಳ್ಳಬೇಕು. ಟೆರಿಗಾಯ್ಡ್ ಸ್ನಾಯುಗಳ ಸುತ್ತ ಅಭಿಧಮನಿಗಳ ಒಂದು ಬಲೆಯೂ ಇದೆ. ಅದಕ್ಕೆ ಮೆದುಳಿನ ತಳದ ರಕ್ತದ ಕೊಳದ ಜೊತೆ ಸಂಪರ್ಕ ಇರುವುದರಿಂದ, ಹಲ್ಲಿನ ಕೀವು ಅಪರೂಪಕ್ಕೆ ಅಲ್ಲಿಯವರೆಗೂ ಹೋಗಬಲ್ಲದು. ಕೆನ್ನೆ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ ಲವಂಗದ ಎಣ್ಣೆ ಹಚ್ಚಿ ದಿನ ತಳ್ಳಬಾರದು.

ಬಾಯಿ ತೆರೆಯದಿರುವುದು ಎಂದ ಕೂಡಲೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಧನುರ್ವಾಯು. ಗಾಯದಲ್ಲಿ ಹೊಕ್ಕ ರೋಗಾಣುವಿನ ವಿಷ ನರಗಳ ಗುಂಟ ಏರಿ, ಸ್ನಾಯುಗಳಿಗೆ ‘ಸಾಕು, ಸಡಿಲಿಸು’ ಎನ್ನುವ ಸಂದೇಶವನ್ನೇ ತಡೆಯುತ್ತದೆ. ಮುಚ್ಚಿಸುವ ಪೈಲ್ವಾನರು ಬಲಶಾಲಿಗಳಾದ್ದರಿಂದ ದವಡೆ ಬೀಗ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಲಸಿಕೆ ಇದೆ. ಶಾಲೆಯ ಮಕ್ಕಳಿಗೆ 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಚುಚ್ಚುಮದ್ದು ಅದೇ. ಆದರೆ ನಾನು ಮೊದಲಿಗೆ ಹೇಳಿದ, ಬೆಂಚಿನ ಮೇಲೆ ಕುಳಿತ ಮಕ್ಕಳ ಬಾಯಿ ಮುಚ್ಚಿಸುತ್ತಿರುವುದು ಇದಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ಈ ಪಾಠ ಮಾಡಿ, ಕೊನೆಗೆ, ‘ಎಲ್ಲರೂ ನಿಮ್ಮ ನಿಮ್ಮ ಮೂರು ಬೆರಳು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ, ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಳ್ಳಿ’ ಎಂದೆ. ಆರೋಗ್ಯವಂತ ಬಾಯಿಗೆ ಅವರವರದೇ ಮೂರು ಬೆರಳು ಹಿಡಿಸುತ್ತವೆ. ವಯಸ್ಕರಲ್ಲಿ ಸುಮಾರು 40 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು. ತರಗತಿಯೆಲ್ಲ ನಗುತ್ತ ಬೆರಳು ತುರುಕಿಕೊಂಡಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಎರಡರಲ್ಲಿಯೇ ನಿಂತಿದ್ದ. ತಮಾಷೆ ಇರಬೇಕು ಎಂದು ಪಕ್ಕದವನು ಅವನ ಕೈ ತಳ್ಳಿದ. ಹುಡುಗನ ಕಣ್ಣಲ್ಲಿ ನೀರು ಬಂತು.

ಪಾಠ ಮುಗಿದ ಮೇಲೆ ಅವನನ್ನು ಕರೆದು ಕೇಳಿದೆ. ‘ಯಾವಾಗಿಂದ ಹೀಗೆ?’

‘ಗೊತ್ತಿಲ್ಲ ಸಾರ್. ಖಾರ ತಿಂದರೆ ಬಾಯೆಲ್ಲ ಉರಿ. ಅದಕ್ಕೆ ಊಟಕ್ಕೆ ಮೊಸರನ್ನವೇ ತರೋದು.’

ಬೆಳಕಿಗೆ ನಿಲ್ಲಿಸಿ ನೋಡಿದೆ. ಕೆನ್ನೆಯ ಒಳಮೈ ಗುಲಾಬಿ ಇರಬೇಕಾದಲ್ಲಿ ಬಿಳುಚಿಕೊಂಡಿತ್ತು, ಬಾಳೆದಿಂಡಿನ ನಾರಿನ ಹಾಗೆ ಪಟ್ಟಿಗಳು. ಜೇಬಿನಲ್ಲಿ ಏನಿದೆ ಎಂದು ಕೇಳುವ ಮೊದಲೇ ಅವನ ಕೈ ಜೇಬನ್ನು ಮುಚ್ಚಿಕೊಂಡಿತು. ಒಳಗಿದ್ದದ್ದು ಎರಡು ಚೀಟಿ ಸಿಹಿ ಅಡಿಕೆ. ‘ಗುಟ್ಕಾ ಅಲ್ಲ ಸಾರ್, ತಂಬಾಕು ಇಲ್ಲ, ಬರೀ ಅಡಿಕೆ’ ಎಂದ. ಅವನ ಪಾಲಿಗೆ ಅದು ಪ್ರಾಮಾಣಿಕ ಉತ್ತರ. ಐದನೆಯ ತರಗತಿಯಿಂದ ದಿನಕ್ಕೆ ನಾಲ್ಕೈದು ಚೀಟಿ ತಿನ್ನುತ್ತಿದ್ದನಂತೆ.

ಬರೀ ಅಡಿಕೆ ಎಂಬ ಮಾತಿನಲ್ಲಿಯೇ ಇಡೀ ಕಥೆ ಇದೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯಲ್ಲಿ ಇಂಥದೇ ಬಿಗಿತವನ್ನು ಕಂಡು ದಾಖಲಿಸಿದರು. ಮರುವರ್ಷ ನಮ್ಮ ದೇಶದ ಜೋಶಿ ಎಂಬ ವೈದ್ಯರು ಇಲ್ಲಿಯ ರೋಗಿಗಳನ್ನು ಕುರಿತು ಬರೆದರು. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿಯ ಒಳಪೊರೆಯ ಅಡಿಯಲ್ಲಿ ನಾರು ಬೆಳೆಯುವುದು ಎಂದು ಅರ್ಥ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ನಾರು ನೇಯುವ ಜೀವಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಹಳೆಯ ನಾರು ಕರಗದಂತೆ ಹದ ಮಾಡುತ್ತದೆ. ಚರ್ಮ ಹದ ಮಾಡುವುದೂ ಇಂಥ ಒಗರಿನಿಂದಲೇ. ಅಡಿಕೆಯಲ್ಲಿರುವ ತಾಮ್ರದ ಅಂಶ ನಾರಿಗೆ ನಾರನ್ನು ಬೆಸೆಯುವ ಕಿಣ್ವಕ್ಕೆ ಸಹಾಯ ಮಾಡುತ್ತದೆ. ಹೊಸದು ಬೆಳೆಯುತ್ತದೆ, ಹಳೆಯದು ಕರಗುವುದಿಲ್ಲ, ಎರಡೂ ಗಂಟು ಬೀಳುತ್ತವೆ. ಮೃದುವಾದ ಕೆನ್ನೆ ನಿಧಾನವಾಗಿ ಹಗ್ಗವಾಗುತ್ತದೆ. ದಿನ ಕಳೆದಂತೆ ಆ ನಾರು ಸ್ನಾಯುಗಳೊಳಗೂ ಇಳಿಯುತ್ತದೆ.

ಈಗ ಆ ಮೊಸಳೆಯನ್ನು ನೆನಪಿಸಿಕೊಳ್ಳಿ. ತೆರೆಯುವ ಸ್ನಾಯು ಸಣ್ಣದು. ಕೆನ್ನೆಯೇ ಅಂಟುಪಟ್ಟಿಯಂತೆ ಬಿಗಿದರೆ ಅದು ಗೆಲ್ಲಲಾರದು. ಆಮೇಲೆ ಊದಲು ಬಾರದು, ಸೀಟಿ ಹಾಕಲು ಬಾರದು, ತುತ್ತು ಹಿಡಿಸದು, ಹಲ್ಲು ಹುಳುಕಾದರೆ ವೈದ್ಯರ ಕೈ ಒಳಗೆ ಹೋಗದು. ಕೆಲವರಲ್ಲಿ ಇದು ಕ್ಯಾನ್ಸರಿಗೂ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಹೇಳಿತು.

ಹುಡುಗನ ತಂದೆಗೆ ಹೇಳಿಕಳಿಸಿದೆ. ಅವರು ಬಂದರು. ಎರಡು ಎಕರೆ ತೋಟದ ಸಣ್ಣ ಬೆಳೆಗಾರರು. ಸ್ವತಃ ಊಟವಾದ ಮೇಲೆ ಕವಳ ಹಾಕುವವರು. ನಾನು ಹೇಳಿದ್ದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು.

‘ಮೇಷ್ಟ್ರೇ, ಇವನ ಫೀಸು ಕಟ್ಟಿದ್ದು ಅಡಿಕೆಯಿಂದ. ಇವನಕ್ಕನ ಮದುವೆ ಮಾಡಿದ್ದು ಅಡಿಕೆಯಿಂದ. ದೇವರಿಗೆ ಇಡೋದೂ ಅದನ್ನೇ. ಈಗ ನೀವು ಅದನ್ನೇ ವಿಷ ಅಂತೀರಲ್ಲ?’

ನನ್ನ ತಾಯಿಯೂ ಸಂಜೆ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತಿದ್ದವರೇ. ಅಡಿಕೆಯ ಋಣ ನನ್ನ ಓದಿನ ಮೇಲೂ ಇದೆ. ಹಾಗಾಗಿ ಅವರ ಪ್ರಶ್ನೆ ನನಗೆ ಹೊಸದೇನಲ್ಲ, ಸುಲಭದ್ದೂ ಅಲ್ಲ. ‘ನೀವು ತೋಟಕ್ಕೆ ಬೋರ್ಡೊ ಹೊಡೀತೀರಿ. ಕೊಳೆರೋಗಕ್ಕೆ ಅದು ಬೇಕೇ ಬೇಕು. ಹಾಗಂತ ಮೈಲುತುತ್ತವನ್ನ ಮಗನ ಜೇಬಿಗೆ ಹಾಕ್ತೀರಾ?’ ಎಂದೆ. ‘ಬೆಳೆಯೋದು ಬೇರೆ, ಬೆಳೆಯೋ ಮಗುವಿನ ಬಾಯಿಗೆ ದಿನವಿಡೀ ಇಡೋದು ಬೇರೆ.’

ಅವರು ಮಗನ ಕಡೆ ತಿರುಗಿ, ‘ಬಾಯಿ ತೆಗಿ’ ಎಂದರು. ತಾವೇ ಬೆರಳಿಟ್ಟು ನೋಡಿದರು. ಎರಡು ಬೆರಳು. ತೋಟದಲ್ಲಿ ಸವೆದ ದಪ್ಪ ಬೆರಳು ಒಂದೂವರೆ ಮಾತ್ರ ಹಿಡಿಸಿತು. ಆಮೇಲೆ ಅವರು ವಾದ ಮಾಡಲಿಲ್ಲ. ಮರುದಿನವೇ ಮಗನನ್ನು ದಂತವೈದ್ಯರ ಬಳಿಗೆ ಕರೆದುಕೊಂಡು ಹೋದರು.

ವೈದ್ಯರು ಮೊದಲು ಹೇಳಿದ್ದು ಒಂದೇ ಮಾತು: ಅಡಿಕೆ ನಿಲ್ಲದೆ ಯಾವ ಮದ್ದೂ ನಿಲ್ಲದು. ಕಟ್ಟಿದ ನಾರು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಆದರೆ ಮುಂದೆ ಬೆಳೆಯುವುದನ್ನು ತಡೆಯಬಹುದು, ಇದ್ದುದನ್ನು ಒಂದಷ್ಟು ಸಡಿಲಿಸಬಹುದು. ಕೆನ್ನೆಗೆ ಚುಚ್ಚುಮದ್ದು, ಮಾತ್ರೆ, ದಿನಕ್ಕೆ ಹಲವು ಸಲ ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು, ಸಹಿಸುವಷ್ಟು ಹೊತ್ತು ಹಾಗೆಯೇ ಇರುವುದು. ಹುಡುಗ 16 ಕಡ್ಡಿಯಿಂದ ಶುರು ಮಾಡಿದ. ಒಂದು ಕಡ್ಡಿ ಹೆಚ್ಚಾಗಲು ಕೆಲವೊಮ್ಮೆ ತಿಂಗಳು ಹಿಡಿಯಿತು. ನಡುವೆ ಒಮ್ಮೆ ಮತ್ತೆ ಚೀಟಿ ತಿಂದ. ತಂದೆ ಹೊಡೆಯಲಿಲ್ಲ, ತಾವೂ ಕವಳದ ಸಂಚಿಯನ್ನು ಅಟ್ಟಕ್ಕೆ ಹಾಕಿದರು. ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ಎಣಿಕೆ 20ಕ್ಕೆ ಬಂದಿತ್ತು. ಇಂದಿಗೂ ಅವನ ಬಾಯಿಗೆ ಮೂರು ಬೆರಳು ಪೂರ್ತಿ ಹಿಡಿಸುವುದಿಲ್ಲ. ಆದರೆ ಅಕ್ಕನ ಮನೆಯ ಹಬ್ಬದೂಟದಲ್ಲಿ ಮೆಣಸಿನಕಾಯಿ ಬಜ್ಜಿ ತಿಂದೆ ಎಂದು ಹೇಳಲು ನನ್ನ ಮನೆಯವರೆಗೂ ಬಂದಿದ್ದ. ಪಾಸಾದದ್ದನ್ನು ಹೇಳುವಾಗಲೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯಿದೆ ಹೇಳಿತು. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಆಮೇಲೆ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದವು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಿತ್ತು. ತಂಬಾಕು ಇಲ್ಲದ ಸಿಹಿ ಅಡಿಕೆಯ ಚೀಟಿ ತಂಬಾಕಿನ ಕಾಯಿದೆಗೆ ಸಿಕ್ಕುವುದೂ ಇಲ್ಲ. ಅದು ಪೆಪ್ಪರ್‌ಮಿಂಟಿನ ಡಬ್ಬಿಯ ಪಕ್ಕದಲ್ಲಿಯೇ ತೂಗುತ್ತದೆ, ಚಿಲ್ಲರೆ ಇಲ್ಲದಾಗ ಅಂಗಡಿಯವರು ಮಕ್ಕಳ ಕೈಗೆ ಅದನ್ನೇ ಹಾಕುವುದೂ ಉಂಟು. ಅಲ್ಲಿ ಕಾಯಬೇಕಾದವರು ನಾವು.

ಪೋಷಕರಲ್ಲಿ ನನ್ನ ಕೋರಿಕೆ ಸಣ್ಣದು. ಅಂಕಪಟ್ಟಿ ನೋಡುವಷ್ಟೇ ಶ್ರದ್ಧೆಯಿಂದ ಮಕ್ಕಳ ಬಾಯಿಯನ್ನೂ ಆಗಾಗ ನೋಡಿ. ಮಗು ಇದ್ದಕ್ಕಿದ್ದಂತೆ ಖಾರ ಬೇಡ ಎನ್ನುತ್ತಿದೆಯೆ, ಬಲೂನು ಊದಲು ಒಲ್ಲೆ ಎನ್ನುತ್ತಿದೆಯೆ, ಪದೇಪದೇ ಬಾಯಿ ಹುಣ್ಣಾಗುತ್ತಿದೆಯೆ, ಕೆನ್ನೆಯ ಒಳಗೆ ಬಿಳುಪು ಕಾಣುತ್ತಿದೆಯೆ, ಗಮನಿಸಿ. ಬೈಯಬೇಡಿ. ಬೈದರೆ ಚೀಟಿ ಜೇಬಿನಿಂದ ಕಾಲುಚೀಲಕ್ಕೆ ಹೋಗುತ್ತದೆ, ಅಷ್ಟೆ. ನೀವೇ ಎಲೆಯಡಿಕೆ ಹಾಕುವವರಾದರೆ ಸಂಚಿಯನ್ನು ಮಕ್ಕಳ ಕೈಗೆ ಎಟುಕದಲ್ಲಿ ಇಡುವುದಷ್ಟೇ ಸಾಲದು, ಕಣ್ಣಿಗೂ ಎಟುಕದಂತೆ ನೋಡಿಕೊಳ್ಳಿ.

ಮಕ್ಕಳೆ, ನಿಮಗೂ ಒಂದು ಮಾತು. ನಿಮ್ಮ ಕೆನ್ನೆಯ ಒಳಗೆ ಎರಡು ಪಕ್ಕಕ್ಕೂ ಸೇರಿ ಎಂಟು ಸ್ನಾಯುಗಳು ಹುಟ್ಟಿದಂದಿನಿಂದ ದುಡಿಯುತ್ತಿವೆ. ಹಾಲು ಕುಡಿಸಿದವು, ತುತ್ತು ಅಗಿಸಿದವು, ಮಾತು ಕಲಿಸಲು ನೆರವಾದವು. ಅವು ಕೇಳುವುದು ಮೂರು ಬೆರಳಿನಷ್ಟು ಜಾಗ ಮಾತ್ರ. ಇವತ್ತು ರಾತ್ರಿ ಊಟಕ್ಕೆ ಕೂರುವ ಮೊದಲು ಕೈ ತೊಳೆದುಕೊಂಡು ಮನೆಯವರೆಲ್ಲ ಸೇರಿ ಬೆರಳು ಇಟ್ಟು ನೋಡಿ. ಮೂರೂ ಹಿಡಿಸಿದರೆ ನಕ್ಕು ಊಟ ಮಾಡಿ. ಯಾರಿಗಾದರೂ ಎರಡಕ್ಕೇ ನಿಂತರೆ ಯಾರೂ ನಗಬೇಡಿ. ನಾಳೆ ಬೆಳಿಗ್ಗೆ ಅವರನ್ನು ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿ.